ಹಲ್ಲಿನ ಕುಳಿಗೆ ಯಾವ ತುಂಡು ಸರಿಹೊಂದೀತು?

ಕಳೆದ ತಿಂಗಳು ಕಕ್ಕಬ್ಬೆಯಿಂದ ನಮ್ಮ ಚಿಕ್ಕತ್ತೆ ಬಂದಿದ್ದರು. ಬಿಸಿಬಿಸಿ ಕಡಂಬುಟ್ಟು, ಪಂದಿ ಕರಿ ಬಡಿಸಿದರೆ ಒಂದೇ ಕಡೆಯಲ್ಲಿ ಅಗಿಯುತ್ತಿದ್ದರು. "ಯಾಕತ್ತೆ?" ಎಂದೆ. "ದವಡೆ ಹಲ್ಲಿಗೆ ತುಂಬಿಸಿದ್ದ ಹಳೇ ಸಿಮೆಂಟು ಬಿದ್ದುಹೋಯ್ತು ಮಾರಾಯ್ತಿ. ಇನ್ನು ಕೀಳಿಸಿಬಿಡ್ತೇನೆ" ಅಂದರು.

ಬೇರು ಗಟ್ಟಿಯಿರುವ ಹಲ್ಲನ್ನು ಕೀಳಿಸುವುದೇ? ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆಯಲ್ಲ, ಮೊದಲು ತೋರಿಸಿ ಎಂದೆ.

ಕುಳಿ ದೊಡ್ಡದಾದಾಗ, ಅದರ ಅಚ್ಚು ತೆಗೆದು, ಬಾಯಿಯ ಹೊರಗೆ ತಯಾರಿಸಿ ಅಂಟಿಸುವ ತುಂಡಿಗೆ 'ಇನ್‌ಲೇ' ಎನ್ನುತ್ತಾರೆ. ಇದರ ಗುಟ್ಟೆಲ್ಲ ಅಂಚಿನಲ್ಲಿದೆ. ಹಲ್ಲಿಗೂ ತುಂಡಿಗೂ ನಡುವೆ ಸಂದು ಹೆಚ್ಚಾದರೆ ಅಂಟು ಸವೆದು, ರೋಗಾಣು ನುಗ್ಗಿ, ಒಳಗೊಳಗೇ ಮತ್ತೆ ಹುಳುಕು ಹಿಡಿಯುತ್ತದೆ. ಈ ಸಂದು ಮಿಲಿಮೀಟರಿನ ಸಾವಿರದಲ್ಲಿ 120 ಪಾಲು ಮೀರಬಾರದೆಂದು 1971ರಲ್ಲಿ ಮ್ಯಾಕ್‌ಲೀನ್ ಮತ್ತು ಫಾನ್ ಫ್ರಾನ್‌ಹೋಫರ್ ಎಂಬ ತಜ್ಞರು ಹೇಳಿದ ಮಾತನ್ನು ಇಂದಿಗೂ ಅಳತೆಗೋಲಾಗಿ ಬಳಸುತ್ತಾರೆ.

ಚಿನ್ನ: 1907ರಲ್ಲಿ ಅಮೆರಿಕದ ಟ್ಯಾಗರ್ಟ್ ಎಂಬ ದಂತವೈದ್ಯರು ಮೇಣದ ಅಚ್ಚಿನಿಂದ ಚಿನ್ನದ ಎರಕ ಹೊಯ್ಯುವ ಕ್ರಮವನ್ನು ಪ್ರಚಾರಕ್ಕೆ ತಂದರು. ಚಿನ್ನ ಮೆತ್ತಗಿರುವುದರಿಂದ ಅಂಚನ್ನು ಉಜ್ಜಿ ಉಜ್ಜಿ ಹಲ್ಲಿಗೆ ಕೂರಿಸಬಹುದು. ಬಿಸಿ ಕಾಫಿಗೆ ಅದು ಹಿಗ್ಗುವುದೂ ಹೆಚ್ಚುಕಡಿಮೆ ಹಲ್ಲಿನಷ್ಟೇ. "ಹಾಗಾದ್ರೆ ನನ್ನ ಜೋಮಾಲೆಯ ಒಂದು ಗುಂಡು ಕೊಡ್ಲಾ?" ಎಂದರು ಅತ್ತೆ! ಬೇಡ ಸೋದರಿಯರೇ, ಹಲ್ಲಿಗೆ ಬಳಸುವ ಮಿಶ್ರಲೋಹವೇ ಬೇರೆ.

ಪಿಂಗಾಣಿ: ಬಣ್ಣ ಹಲ್ಲಿನಂತೆಯೇ. ಆದರೆ ಅಂಚನ್ನು ಉಜ್ಜಿ ಕೂರಿಸಲಾಗದು, ತೆಳುವಾದರೆ ಚೂರೇಳುತ್ತದೆ. ಆದ್ದರಿಂದ ಅಳತೆ ಮೊದಲೇ ಕರಾರುವಾಕ್ಕಾಗಿರಬೇಕು.

ಕಾಂಪೋಸಿಟ್: ಈ ರಾಳ ಗಟ್ಟಿಯಾಗುವಾಗ ಕುಗ್ಗುತ್ತದೆ. ಬಾಯಲ್ಲೇ ತುಂಬಿದರೆ ಅಂಚನ್ನು ಎಳೆದೀತು. ಇನ್‌ಲೇ ಆದರೆ ಹೊರಗೇ ಕುಗ್ಗಿ ಮುಗಿದಿರುತ್ತದೆ. ಆಮೇಲೆ ಕುಗ್ಗುವುದು ತೆಳುವಾದ ಅಂಟು ಮಾತ್ರ. ರಿಪೇರಿ ಸುಲಭ, ಆದರೆ ಸವೆತ ಹೆಚ್ಚು.

ಯಾವುದೇ ಆಗಲಿ, ಕುಳಿಯನ್ನು ಕೊರೆದು ಅಚ್ಚು ತೆಗೆಯುವ ಕೈಯೂ ಅಷ್ಟೇ ಮುಖ್ಯ. ಕೂರಿಸಿದ ಮೇಲೆ ನಾಲಿಗೆಗೆ ಮೆಟ್ಟಿಲಿನಂತೆ ತಟ್ಟಿದರೆ, ಹಲ್ಲಿನ ಸಂದಿಯಲ್ಲಿ ಎಳೆದ ದಾರ ಸಿಕ್ಕಿ ಹರಿದರೆ, ಸಂಕೋಚಪಡದೆ ವೈದ್ಯರಿಗೆ ಹೇಳಿ. ದಿನಾ ಎರಡು ಸಲ ಹಲ್ಲುಜ್ಜುವುದನ್ನಂತೂ ಮರೆಯಬೇಡಿ.

ಚಿಕ್ಕತ್ತೆ ಹಲ್ಲು ಕೀಳಿಸಲಿಲ್ಲ, ಪಿಂಗಾಣಿಯದನ್ನು ಹಾಕಿಸಿಕೊಂಡರು. ಈಗ ಎರಡೂ ಕಡೆ ಅಗಿಯುತ್ತಾರೆ. ಜೋಮಾಲೆ ಸೊಸೆಯ ಪಾಲಿಗೆ ಉಳಿಯಿತು!