ಓಡುವವರಿಗೆ ಎಂಥ ಕೈಗಡಿಯಾರ ಬೇಕು?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ನಲವತ್ತು ದಾಟಿದ ಹಲವರು ಈಗ ಓಡತೊಡಗಿದ್ದಾರೆ. ಶಾಲೆಯಲ್ಲಿದ್ದಾಗ ಆಟದ ಪೀರಿಯಡ್ಡಿನಲ್ಲಿ ಹೊಂಗೆ ಮರದ ನೆರಳು ಬಿಟ್ಟು ಕದಲದಿದ್ದವರೂ ಇಂದು ಬೆಳಗಿನ ಐದು ಗಂಟೆಗೆ ಬೂಟು ಕಟ್ಟಿಕೊಂಡು ರಸ್ತೆಗಿಳಿಯುತ್ತಾರೆಂದರೆ ಯಾವ ಮೇಷ್ಟ್ರಿಗೆ ಸಂತೋಷವಾಗದು? ಒಂದಷ್ಟು ದಿನ ಓಡಿದ ಮೇಲೆ ಅವರಲ್ಲಿ ಬಹುತೇಕರು ಕೇಳುವ ಪ್ರಶ್ನೆ ಒಂದೇ: "ಸಾರ್, ಯಾವ ಜಿಪಿಎಸ್ ವಾಚ್ ತಗೊಳ್ಳಲಿ?" ಭೌತಶಾಸ್ತ್ರ ಕಲಿಸಿದವನಿಗೆ ಇದೂ ತಿಳಿದಿರಬೇಕೆಂಬ ನಂಬಿಕೆ ಅವರದು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರಾಂತ ತಯಾರಕರ ಶ್ರೇಣಿಯಲ್ಲಿ ಕೆಳಗಿನ ಮೆಟ್ಟಿಲಿನದು, ಒತ್ತುವ ಗುಂಡಿಗಳಿರುವುದು, ಬಿಸಿಲಿನಲ್ಲಿ ಅಂಕಿ ಕಾಣುವುದು, ಎದೆಗೆ ಕಟ್ಟುವ ಪಟ್ಟಿಯೊಡನೆ ಹೊಂದಿಕೊಳ್ಳುವುದು. ಇಷ್ಟಿದ್ದರೆ ಸಾಕು. ಮೇಲಿನ ಮೆಟ್ಟಿಲಿನ ಗಡಿಯಾರಕ್ಕೆ ಹಲವು ಪಟ್ಟು ಹೆಚ್ಚು ಹಣ ತೆರುವವರು ಆ ಹೆಚ್ಚಿನ ಹಣದಲ್ಲಿ ಒಳ್ಳೆಯ ಬೂಟನ್ನೂ ಆ ಎದೆಪಟ್ಟಿಯನ್ನೂ ಕೊಂಡು, ಉಳಿದುದರಲ್ಲಿ ಒಮ್ಮೆ ಹೃದಯದ ತಪಾಸಣೆ ಮಾಡಿಸಿಕೊಳ್ಳಲಿ. ಈ ಕೊನೆಯ ಮಾತನ್ನು ಉಪಚಾರಕ್ಕಾಗಿ ಹೇಳುತ್ತಿಲ್ಲ; ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಆ ಯಂತ್ರ ಏನನ್ನು ಅಳೆಯುತ್ತದೆ ಎಂಬುದನ್ನು ನೋಡೋಣ. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು "ಈಗ ಸಮಯ ಇಷ್ಟು, ನಾನಿರುವುದು ಇಲ್ಲಿ" ಎಂದು ರೇಡಿಯೋ ಅಲೆಗಳಲ್ಲಿ ಸಾರುತ್ತಲೇ ಇರುತ್ತವೆ. ಆ ಅಲೆ ನಮ್ಮನ್ನು ತಲುಪಲು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಹೊತ್ತು ಬೇಕು. ಗಡಿಯಾರವು ಕನಿಷ್ಠ ನಾಲ್ಕು ಉಪಗ್ರಹಗಳ ಸಂದೇಶವನ್ನು ಹಿಡಿದು, ಯಾವುದು ಎಷ್ಟು ತಡವಾಗಿ ಬಂದಿತೆಂದು ಲೆಕ್ಕಹಾಕಿ ತಾನಿರುವ ಸ್ಥಳವನ್ನು ಊಹಿಸುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿ.ಮೀ. ಎಂಬುದನ್ನು ನೀವು ಮರೆತಿರಲಾರಿರಿ. ಹಾಗಾದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸವಾಯಿತು! ಇಂಥ ಸೂಕ್ಷ್ಮ ಲೆಕ್ಕ ಮಣಿಕಟ್ಟಿನ ಮೇಲೆ ನಡೆಯುತ್ತಿದೆಯೆಂಬುದು ನನಗೆ ಇಂದಿಗೂ ಬೆರಗು. 2000ದ ಮೇ ತಿಂಗಳವರೆಗೆ ಅಮೆರಿಕದ ಸರ್ಕಾರವು ಸಾಮಾನ್ಯ ಬಳಕೆದಾರರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳುಹಿಸುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆಯೇ ಓಟಗಾರರ ಕೈಗೆ ಈ ವಿದ್ಯೆ ನಿಜವಾಗಿ ಎಟುಕಿದ್ದು. ಗಾರ್ಮಿನ್ ಸಂಸ್ಥೆಯ ಮೊದಲ ಫೋರ್‌ರನ್ನರ್ ಗಡಿಯಾರಗಳು ಬಂದದ್ದು 2003ರಲ್ಲಿ.

ಆದರೆ ಅಳತೆ ಎಷ್ಟೇ ಸೂಕ್ಷ್ಮವಾದರೂ ಅದು ಅಂದಾಜೇ. ಕಬ್ಬನ್ ಪಾರ್ಕಿನ ದಟ್ಟ ಮರಗಳ ಕೆಳಗೆ ಸಂಕೇತ ಕುಂದುತ್ತದೆ. ಎತ್ತರದ ಕಟ್ಟಡಗಳ ನಡುವೆ ಅದು ಗೋಡೆಗೆ ಬಡಿದು, ಬೆಟ್ಟದ ಎದುರು ಕೂಗಿದ ದನಿ ಮರಳಿ ಬರುವಂತೆ, ಸುತ್ತಿಕೊಂಡು ತಡವಾಗಿ ಬರುತ್ತದೆ. ಆಗ ನೀವು ರಸ್ತೆಯ ಆಚೆ ಬದಿಯ ಅಂಗಡಿಗಳ ಛಾವಣಿಯ ಮೇಲೆ ಓಡಿದಿರೆಂದು ಗಡಿಯಾರ ನಕ್ಷೆ ಬರೆಯುತ್ತದೆ. ಎರಡು ತರಂಗಾಂತರಗಳನ್ನು ಹಿಡಿಯುವ ಇತ್ತೀಚಿನ ಗಡಿಯಾರಗಳಲ್ಲಿ ಈ ತೊಂದರೆ ಬಹಳ ಕಡಿಮೆ. ಗಗನಚುಂಬಿ ಕಟ್ಟಡಗಳ ನಡುವೆಯೇ ನಿತ್ಯ ಓಡುವವರು ಅದಕ್ಕಾಗಿ ಸ್ವಲ್ಪ ಹೆಚ್ಚು ಹಣ ಕೊಟ್ಟರೆ ನನ್ನ ಆಕ್ಷೇಪವಿಲ್ಲ. ಚಿಕ್ಕಮಗಳೂರಿನ ತೋಟದ ದಾರಿಯಲ್ಲೋ ಮೈಸೂರಿನ ಕೆರೆಯಂಗಳದಲ್ಲೋ ಓಡುವವರಿಗೆ ಅದು ಅಷ್ಟಾಗಿ ಬೇಕಿಲ್ಲ. (ನಮ್ಮದೇ ಆದ ನಾವಿಕ್ ವ್ಯವಸ್ಥೆಯ ಕೇಂದ್ರವೊಂದು ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿದೆ. ಸಣ್ಣ ಸಾಧನಗಳಿಗೆ ಹಿಡಿಯಲು ಸುಲಭವಾದ ಎಲ್1 ತರಂಗವನ್ನು ಕಳುಹಿಸುವ ಅದರ ಮೊದಲ ಉಪಗ್ರಹ ಎನ್‌ವಿಎಸ್-01 ಹಾರಿದ್ದು 2023ರ ಮೇ 29ರಂದು. ಅದನ್ನೇ ನೆಚ್ಚಿ ಓಡುವ ಕೈಗಡಿಯಾರವನ್ನು ಕಟ್ಟಿಕೊಳ್ಳುವ ಆಸೆ ನನಗಿದೆ, ಓಡದಿದ್ದರೂ.)

ಇದನ್ನು ತಿಳಿಯದೆ ಜಗಳಕ್ಕೆ ನಿಲ್ಲುವವರಿದ್ದಾರೆ. "ಮ್ಯಾರಥಾನ್ 42.195 ಕಿ.ಮೀ. ಅಂತಾರೆ, ನನ್ನ ವಾಚಿನಲ್ಲಿ 42.7 ಬಂತು, ಆಯೋಜಕರಿಗೆ ಅಳೆಯೋಕೆ ಬರಲ್ಲ" ಎಂದು ಒಬ್ಬಾತ ನನ್ನೆದುರು ಗುಡುಗಿದ್ದ. ಮಾನ್ಯತೆ ಪಡೆದ ಓಟದ ದಾರಿಯನ್ನು ಅಳೆಯುವುದು ಉಪಗ್ರಹದಿಂದಲ್ಲ, ಸೈಕಲ್ಲಿನಿಂದ! ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಎಣಿಕೆಯ ಸಾಧನವನ್ನು ಅಳವಡಿಸಿ, ಉಕ್ಕಿನ ಟೇಪಿನಿಂದ ಅಳೆದ ನೇರ ದಾರಿಯಲ್ಲಿ ಮೊದಲು ಅದನ್ನು ಹದಮಾಡಿಕೊಂಡು, ತಿರುವುಗಳಲ್ಲಿ ಅಂಚಿನಿಂದ 30 ಸೆಂ.ಮೀ. ಒಳಗೆ ಅತ್ಯಂತ ಹತ್ತಿರದ ದಾರಿ ಹಿಡಿದು ಅಳೆಯುತ್ತಾರೆ. ಎಳ್ಳಷ್ಟೂ ಕಡಿಮೆಯಾಗಬಾರದೆಂದು ಸಾವಿರಕ್ಕೆ ಒಂದರಂತೆ, ಅಂದರೆ ಮ್ಯಾರಥಾನಿಗೆ 42 ಮೀಟರ್, ಹೆಚ್ಚಾಗಿಯೇ ಸೇರಿಸುತ್ತಾರೆ. ಸಾವಿರಾರು ಜನರ ನಡುವೆ ಆಚೀಚೆ ನುಸುಳುತ್ತ, ನೀರಿನ ಮೇಜಿನತ್ತ ಹೊರಳುತ್ತ ಓಡುವವನು ಆ ಹತ್ತಿರದ ದಾರಿಯನ್ನು ಹಿಡಿಯುವುದುಂಟೆ? ನಾನೂ ಶಾಲೆಯ ಕ್ರೀಡಾಕೂಟಕ್ಕೆ ಸುಣ್ಣದ ಗೆರೆ ಎಳೆಸಿದವನು. ಕ್ರೀಡಾಂಗಣದ 400 ಮೀಟರ್ ಪಥದಲ್ಲಿ ಮೊದಲ ಸಾಲು ಬಿಟ್ಟು ಎರಡನೆಯ ಸಾಲಿನಲ್ಲಿ ಸುತ್ತಿದರೆ ಪ್ರತಿ ಸುತ್ತಿಗೂ ಸುಮಾರು ಏಳು ಮೀಟರ್ ಹೆಚ್ಚು ಓಡುತ್ತೀರಿ.

ಆದ್ದರಿಂದ ಗಡಿಯಾರವು ಕ್ಷಣಕ್ಷಣಕ್ಕೂ ತೋರಿಸುವ ವೇಗವನ್ನು ನೆಚ್ಚಬೇಡಿ. ಕಿ.ಮೀ.ಗೆ ಆರು ನಿಮಿಷದಂತೆ ಸಮನಾಗಿ ಓಡುತ್ತಿದ್ದರೂ ಅದು ಒಮ್ಮೆ ಐದೂವರೆ, ಮರುಗಳಿಗೆ ಆರೂಮುಕ್ಕಾಲು ಎನ್ನಬಹುದು. ಆ ಕಿಲೋಮೀಟರಿನ ಸರಾಸರಿ ವೇಗವನ್ನು ತೋರಿಸುವಂತೆ ಹೊಂದಿಸಿಕೊಳ್ಳಿ. ಸ್ಪರ್ಧೆಯಲ್ಲಾದರೆ ರಸ್ತೆಬದಿಯ ಕಿ.ಮೀ. ಫಲಕ ಬಂದಾಗಲೆಲ್ಲ ಲ್ಯಾಪ್ ಗುಂಡಿಯನ್ನು ಕೈಯಾರೆ ಒತ್ತಿ. ಆಗ ದೂರ ಸೈಕಲ್ಲಿನದು, ಸಮಯ ಗಡಿಯಾರದ್ದು. 1978ರಲ್ಲಿ ಶಿವನಾಥ ಸಿಂಗ್ ಜಲಂಧರಿನಲ್ಲಿ 2 ಗಂಟೆ 12 ನಿಮಿಷದಲ್ಲಿ ಮ್ಯಾರಥಾನ್ ಮುಗಿಸಿ ದಶಕಗಳ ಕಾಲ ಉಳಿದ ರಾಷ್ಟ್ರೀಯ ದಾಖಲೆ ಬರೆದಾಗ ಅವರಿಗೆ ವೇಗ ಹೇಳಲು ಯಾವ ಉಪಗ್ರಹವೂ ಇರಲಿಲ್ಲ.

ಗುಂಡಿಗಳು ಏಕೆ ಬೇಕೆಂಬುದು ಬೆವರಿದ ಬೆರಳಿನಿಂದ ಸ್ಪರ್ಶಪರದೆಯನ್ನು ಒಮ್ಮೆ ಉಜ್ಜಿ ನೋಡಿದವರಿಗೆ ತಿಳಿದೀತು. ಮಳೆಗಾಲದಲ್ಲಂತೂ ಹನಿ ಬಿದ್ದು ಪರದೆ ತನ್ನಷ್ಟಕ್ಕೇ ಬದಲಾಗುವುದುಂಟು. ಪರದೆಯಲ್ಲಿ ಎರಡು ಬಗೆ. ಒಂದು ಮೊಬೈಲಿನಂತೆ ಹೊಳೆಯುವುದು, ಮತ್ತೊಂದು ಬಿಸಿಲಿನ ಬೆಳಕನ್ನೇ ಬಳಸಿಕೊಂಡು ಸದಾ ಕಾಣುವ ಮಂಕು ಬಣ್ಣದ್ದು. ಅಂಗಡಿಯಲ್ಲಿ ಮೊದಲನೆಯದು ಮನಸೆಳೆಯುತ್ತದೆ. ನನ್ನ ಮತ ಎರಡನೆಯದಕ್ಕೆ, ಬ್ಯಾಟರಿ ಉಳಿಯುವುದೂ ಅದರಲ್ಲೇ. ಜಿಪಿಎಸ್ ಚಾಲೂ ಇದ್ದಾಗ ಎಷ್ಟು ಗಂಟೆ ಬಾಳುತ್ತದೆ ಎಂಬುದೊಂದನ್ನೇ ಕೇಳಿ. "ಹದಿನಾಲ್ಕು ದಿನ" ಎಂಬ ಜಾಹೀರಾತು ಜಿಪಿಎಸ್ ಇಲ್ಲದ ದಿನಗಳ ಲೆಕ್ಕ. 2021ರಲ್ಲಿ ಬಂದ ಫೋರ್‌ರನ್ನರ್ 55 ಜಿಪಿಎಸ್‌ನೊಂದಿಗೆ 20 ಗಂಟೆ, 2023ರ ಕೋರೋಸ್ ಪೇಸ್ 3 ಗಡಿಯಾರ 38 ಗಂಟೆ ಎಂದು ತಯಾರಕರೇ ಹೇಳುತ್ತಾರೆ. ಐದಾರು ಗಂಟೆಯಲ್ಲಿ ಮ್ಯಾರಥಾನ್ ಮುಗಿಸುವವನಿಗೆ ಇವುಗಳಲ್ಲಿ ಯಾವುದಾದರೂ ಧಾರಾಳ. ದಿನಕ್ಕೊಮ್ಮೆ ಕೀಲಿ ಕೊಡುವ ಎಚ್‌ಎಂಟಿ ಜನತಾ ಕಟ್ಟಿಕೊಂಡೇ ನೌಕರಿ ಮುಗಿಸಿದ ನನಗೆ ವಾರಕ್ಕೊಮ್ಮೆ ಚಾರ್ಜ್ ಮಾಡುವುದು ಕಷ್ಟವೆಂದು ತೋರುವುದಿಲ್ಲ.

ಇನ್ನು ಹೃದಯದ ಮಾತು. ನನ್ನ ವಿದ್ಯಾರ್ಥಿಯೊಬ್ಬ ಬ್ಯಾಂಕಿನಲ್ಲಿ ಅಧಿಕಾರಿ. ಅವನ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ನಲವತ್ತೆಂಟನೆಯ ವಯಸ್ಸಿನಲ್ಲಿ ಹಾಫ್ ಮ್ಯಾರಥಾನಿಗೆ ಸಿದ್ಧನಾಗುತ್ತಿದ್ದಾಗ, ಏರುದಾರಿ ಬಂದರೆ ಎದೆ ಬಿಗಿದಂತಾಗಿ ಎಡಭುಜಕ್ಕೆ ನೋವು ಇಳಿಯುತ್ತಿತ್ತು. ನಿಂತರೆ ಮಾಯ. ಹದಿನೈದು ದಿನ ಹೀಗೆಯೇ ಓಡಿದ. "ವಾಚ್ ನೋಡಿದರೆ ಹಾರ್ಟ್ ರೇಟ್ ಎಂದಿನಂತೆಯೇ ಇತ್ತು ಸಾರ್, ಫಿಟ್‌ನೆಸ್ ಹೆಚ್ಚುತ್ತಿದೆ ಅಂತ ಬೇರೆ ತೋರಿಸ್ತಿತ್ತು" ಎಂದ. ಕೊನೆಗೆ ಹೆಂಡತಿ ಹಠ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಹೃದಯದ ಮುಖ್ಯ ರಕ್ತನಾಳವೊಂದು ಬಹುಪಾಲು ಮುಚ್ಚಿತ್ತು. ಅಂದೇ ಸ್ಟೆಂಟ್ ಹಾಕಿದರು. ಆರು ತಿಂಗಳ ನಂತರ ನಿಧಾನವಾಗಿ ಓಡಬಹುದೆಂದು ವೈದ್ಯರು ಒಪ್ಪಿದ್ದೇ ತಡ, ಇಸಿಜಿ ಇರುವ ಹೊಸ ಗಡಿಯಾರ ಕೊಳ್ಳಲೇ ಎಂದು ನನ್ನನ್ನು ಕೇಳಿದ.

ಮಣಿಕಟ್ಟಿನ ಗಡಿಯಾರ ಮಾಡುವುದಿಷ್ಟೆ. ಚರ್ಮದೊಳಕ್ಕೆ ಹಸಿರು ಬೆಳಕು ಬೀರಿ, ರಕ್ತ ಉಕ್ಕಿದಾಗ ಮರಳುವ ಬೆಳಕು ಎಷ್ಟು ಕುಂದಿತೆಂದು ನೋಡಿ ಬಡಿತ ಎಣಿಸುತ್ತದೆ. ಓಡುವಾಗ ಪಟ್ಟಿ ಸಡಿಲವಿದ್ದರೆ ನಾಡಿಯ ಬದಲು ಹೆಜ್ಜೆಯನ್ನೇ ಎಣಿಸಿ 170 ಎಂದುಬಿಡುವುದೂ ಉಂಟು. ಎದೆಪಟ್ಟಿ ಹೃದಯದ ವಿದ್ಯುತ್ತನ್ನೇ ಹಿಡಿಯುವುದರಿಂದ ಎಣಿಕೆಯಲ್ಲಿ ಅದು ಹೆಚ್ಚು ಪ್ರಾಮಾಣಿಕ. ಆದರೆ ಎಣಿಕೆ ಸರಿಯಿದ್ದ ಮಾತ್ರಕ್ಕೆ ನಾಳ ತೆರೆದಿದೆಯೆಂದು ಅರ್ಥವಲ್ಲ. ನಾಳ ಮುಚ್ಚುತ್ತಿರುವ ಹೃದಯವೂ ಲಯಬದ್ಧವಾಗಿ ಬಡಿಯಬಲ್ಲದು. ಗಡಿಯಾರದ ಇಸಿಜಿ ಲಯ ತಪ್ಪಿದ್ದನ್ನು ಗುರುತಿಸಲು ಉಪಯುಕ್ತ. ಹೃದಯಾಘಾತವನ್ನು ಅದು ಪತ್ತೆಮಾಡಲಾರದೆಂದು ಆಪಲ್ ಸಂಸ್ಥೆಯೇ ತನ್ನ ಸೂಚನೆಗಳಲ್ಲಿ ಬರೆದಿದೆ.

ಮತ್ತೊಂದು ವಿಷಯ. 220ರಲ್ಲಿ ವಯಸ್ಸನ್ನು ಕಳೆದರೆ ಹೃದಯದ ಗರಿಷ್ಠ ಬಡಿತ ಸಿಗುತ್ತದೆಂಬ ಸೂತ್ರದಿಂದಲೇ ಅನೇಕ ಗಡಿಯಾರಗಳು "ವಲಯ"ಗಳನ್ನು ಹಾಕಿಕೊಡುತ್ತವೆ. ಅದು ಗುಂಪಿನ ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆಯಾಗುವುದು ಸಾಮಾನ್ಯ. ನನ್ನ ವಿದ್ಯಾರ್ಥಿ ತೆಗೆದುಕೊಳ್ಳುವ ಬೀಟಾ ಬ್ಲಾಕರ್ ಮಾತ್ರೆಯಂತೂ ಬಡಿತವನ್ನೇ ತಗ್ಗಿಸುತ್ತದೆ. ಸೂತ್ರವು ಹೇಳುವ 172ರ ಕಡೆಗೆ ಅವನು ಹೃದಯವನ್ನು ಅಟ್ಟಿಕೊಂಡು ಹೋದರೆ ಗತಿಯೇನು? ಅವನಿಗೆ ನಾನು ಹೇಳಿದ್ದು ಹೀಗೆ: "ವೈದ್ಯರೆದುರು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡು, ಅವರು ಬರೆದುಕೊಟ್ಟ ಮಿತಿಯನ್ನು ಗಡಿಯಾರದಲ್ಲಿ ನೀನೇ ತುಂಬಿಸು. ಅದನ್ನು ದಾಟಿದರೆ ನಡುಗಿ ಎಚ್ಚರಿಸುವ ಸೌಲಭ್ಯ ನಿನ್ನ ಹಳೆಯ ಗಡಿಯಾರದಲ್ಲೇ ಇದೆ. ಎದೆ ಬಿಗಿದರೆ ಮಾತ್ರ ಅಂಕಿ ಎಷ್ಟಿದ್ದರೂ ನಿಲ್ಲು." ಅವನು ಎದೆಪಟ್ಟಿಯೊಂದನ್ನು ಮಾತ್ರ ಕೊಂಡ.

ಹಾಡು, ಹಣ ಪಾವತಿ, ನಿದ್ದೆಗೆ ಅಂಕ ಕೊಡುವುದು ಮುಂತಾದವು ಇದ್ದರೆ ಇರಲಿ. ನಕ್ಷೆಯೊಂದು ಮಾತ್ರ ಪಶ್ಚಿಮ ಘಟ್ಟದ ಕಾಡುದಾರಿಗಳಲ್ಲಿ ಓಡುವವರಿಗೆ ನಿಜವಾಗಿಯೂ ಬೇಕು. ಫೋನಿನ ಸಂಪರ್ಕವಿಲ್ಲದೆಯೂ ಓಟದ ದಾಖಲೆ ಗಡಿಯಾರದಲ್ಲೇ ಉಳಿಯುತ್ತದೆಯೇ ಎಂದು ಕೇಳಿಕೊಳ್ಳಿ. 2020ರ ಜುಲೈಯಲ್ಲಿ ಗಾರ್ಮಿನ್ ಸಂಸ್ಥೆಯ ಕಂಪ್ಯೂಟರುಗಳ ಮೇಲೆ ದಾಳಿಯಾಗಿ ಅದರ ಸೇವೆ ಹಲವು ದಿನ ನಿಂತಿತ್ತು. ಗಡಿಯಾರಗಳು ಮಾತ್ರ ಓಟವನ್ನು ಬರೆದಿಡುತ್ತಲೇ ಇದ್ದವು.

ವಿಶೇಷವಾಗಿ ಹೆಣ್ಣುಮಕ್ಕಳಿಗೆ ಒಂದು ಮಾತು. ನೀವು ಯಾವ ಬಾಗಿಲಿನಿಂದ, ಎಷ್ಟು ಹೊತ್ತಿಗೆ ಹೊರಟಿರೆಂಬುದು ಗಡಿಯಾರಕ್ಕೆ ಗೊತ್ತು. ಅದನ್ನು ಸ್ಟ್ರಾವಾದಂಥ ತಾಣಕ್ಕೆ ಏರಿಸಿದರೆ ಬೇರೆಯವರಿಗೂ ಗೊತ್ತಾಗಬಹುದು. 2018ರ ಜನವರಿಯಲ್ಲಿ ಆ ಸಂಸ್ಥೆ ಪ್ರಕಟಿಸಿದ್ದ ಓಟದ ದಾರಿಗಳ ನಕ್ಷೆಯಲ್ಲಿ ಸೇನಾ ನೆಲೆಗಳ ಒಳದಾರಿಗಳೇ ಬೆಳಗುತ್ತಿರುವುದು ಕಂಡು ಗದ್ದಲವಾಗಿತ್ತು. ಮನೆಯ ಸುತ್ತಲಿನ ಭಾಗವನ್ನು ಮರೆಮಾಡುವ ಆಯ್ಕೆ ಅಲ್ಲಿಯೇ ಇದೆ. ಮೊದಲ ಓಟವನ್ನು ಏರಿಸುವ ಮುನ್ನವೇ ಅದನ್ನು ಹಾಕಿಕೊಳ್ಳಿ. ಹೊಂದಿಸುವುದು ತಿಳಿಯದಿದ್ದರೆ ಮನೆಯ ಮಕ್ಕಳನ್ನು ಕೇಳಿ, ಎರಡು ನಿಮಿಷದ ಕೆಲಸ.