ಪರಿಣತಿ ಯಾರನ್ನು ಕಾಯುತ್ತದೆ?

ನಾಯಿಗಳು ಮೇಜಿನ ಸುತ್ತ ಕೂತು ಪೋಕರ್ ಆಡುವ ಚಿತ್ರವನ್ನು ಎಲ್ಲಾದರೂ ಒಮ್ಮೆ ನೋಡಿಯೇ ಇರುತ್ತೀರಿ. ಅಮೆರಿಕದ ಕ್ಯಾಸಿಯಸ್ ಕೂಲಿಜ್ ಎಂಬ ಚಿತ್ರಕಾರನಿಂದ 1903ರಲ್ಲಿ ಆ ಸರಣಿಯನ್ನು ಬರೆಸಿದ್ದು ಬ್ರೌನ್ ಅಂಡ್ ಬಿಗೆಲೋ ಎಂಬ ಕಂಪನಿ, ಅದೂ ಸಿಗಾರ್ ಜಾಹೀರಾತಿಗಾಗಿ. ಸಿಗಾರಿಗೂ ಇಸ್ಪೀಟಿಗೂ ನಂಟು ಅದಕ್ಕೂ ಹಳೆಯದು. ಮಾರುವವರು ಅದನ್ನು ಗಟ್ಟಿ ಮಾಡಿದರು, ಅಷ್ಟೆ. ಮೋಟರ್‌ಸೈಕಲ್ ಈ ಕೂಟಕ್ಕೆ ತಡವಾಗಿ ಬಂತು. 1983ರಲ್ಲಿ ಹಾರ್ಲೆ-ಡೇವಿಡ್ಸನ್ ಕಂಪನಿ ತನ್ನ ಬೈಕಿನವರಿಗೊಂದು ಸಂಘ ಕಟ್ಟಿತು. 1992ರಲ್ಲಿ ‘ಸಿಗಾರ್ ಅಫಿಷಿಯನಾಡೊ’ ಪತ್ರಿಕೆ ಹೊರಟಿತು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ 86 ಡಾಲರಿನ ಆನ್‌ಲೈನ್ ಪಂದ್ಯದಿಂದ ಮೇಲೆ ಬಂದು, ಲಾಸ್ ವೇಗಸ್‌ನ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯವನ್ನೇ ಗೆದ್ದು 25 ಲಕ್ಷ ಡಾಲರ್ ಬಾಚಿಕೊಂಡ. ಮೂರರ ಗಿರಾಕಿಯೂ ಹೆಚ್ಚುಕಡಿಮೆ ಒಬ್ಬನೇ: ನಡುವಯಸ್ಸಿನ, ಕೈಯಲ್ಲಿ ನಾಲ್ಕು ಕಾಸಿರುವ, ವಾರವಿಡೀ ಮೀಟಿಂಗುಗಳಲ್ಲಿ ತಲೆಯಾಡಿಸಿ ಸುಸ್ತಾದ ಗಂಡಸು.

ಈ ಮೂರೂ ಶೋಕಿಗಳನ್ನು ಸಮರ್ಥಿಸಿಕೊಳ್ಳುವವರ ಮಾತೂ ಒಂದೇ. ಅಪಾಯ ಇದೆ, ಗೊತ್ತು. ಆದರೆ ನಾವು ತಿಳಿದು ಮಾಡುವವರು. ಗೂಡಂಗಡಿ ಮುಂದೆ ನಿಂತು ಸಿಗರೇಟು ಎಳೆಯುವವನು, ಹೆಲ್ಮೆಟ್ಟಿಲ್ಲದೆ ನುಗ್ಗುವ ಹುಡುಗ, ಸಂಬಳದ ದಿನವೇ ಜೇಬು ಖಾಲಿ ಮಾಡಿಕೊಳ್ಳುವ ಜೂಜುಕೋರ ಇವರೆಲ್ಲ ಬೇರೆ, ನಾವು ಬೇರೆ. ಅಂದರೆ ಶೋಕಿಗೂ ಚಟಕ್ಕೂ ನಡುವಿನ ಗೆರೆ ಎಳೆಯುವುದು ಪರಿಣತಿ. ಕೇಳಲು ಒಪ್ಪುವಂಥ ಮಾತೇ. ಆದರೆ ಪರಿಣತಿ ಮೂರು ಕಡೆಯೂ ಒಂದೇ ಕೆಲಸ ಮಾಡುತ್ತದೆಯೆ ಎಂದು ಕೇಳಿಕೊಂಡರೆ ಈ ಒಕ್ಕೂಟ ಬಿರುಕು ಬಿಡುತ್ತದೆ.

ಬೈಕಿನ ಲೆಕ್ಕ ಸಲೀಸು. ಕ್ಯಾಲಿಫೋರ್ನಿಯಾದಲ್ಲಿ ಹ್ಯಾರಿ ಹರ್ಟ್ ಮತ್ತು ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತಲ 900 ಮೋಟರ್‌ಸೈಕಲ್ ಅಪಘಾತಗಳ ಜಾಗಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಬೈಕಿಗೂ ಇನ್ನೊಂದು ವಾಹನಕ್ಕೂ ಡಿಕ್ಕಿಯಾದ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಪಾಲು, ಬೈಕಿನವನಿಗೆ ದಾರಿ ಬಿಡಬೇಕಾಗಿದ್ದ ಕಾರಿನವನು ಬಿಡದೆ ನುಗ್ಗಿದ್ದರಿಂದ ಆದವು. ಹಾಗಾದರೆ ಸವಾರನ ಕೈಯಲ್ಲಿ ಏನಿದೆ ಎನ್ನಬಹುದು. ಅದೇ ವರದಿ ಇನ್ನೊಂದನ್ನೂ ಹೇಳಿತು: ಅಪಘಾತಕ್ಕೆ ಸಿಕ್ಕವರಲ್ಲಿ ಬಹುಪಾಲು ಜನ ಕ್ರಮವಾಗಿ ಸವಾರಿ ಕಲಿತವರಲ್ಲ, ತಪ್ಪಿಸಿಕೊಳ್ಳಲು ಸಿಕ್ಕ ಎರಡು ಸೆಕೆಂಡಿನಲ್ಲಿ ಹಿಂದಿನ ಬ್ರೇಕನ್ನು ಜೋರಾಗಿ ತುಳಿದು ಜಾರಿದವರು, ಮುಂದಿನ ಬ್ರೇಕನ್ನು ಸರಿಯಾಗಿ ಹಿಡಿಯದವರು. ಹೆಲ್ಮೆಟ್ ಸಾವಿನ ಅಪಾಯವನ್ನು ಶೇ. 42ರಷ್ಟು ತಗ್ಗಿಸುತ್ತದೆ ಎಂಬುದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ಕಂಡುಕೊಂಡ ಅಂಕಿ. ಇಲ್ಲಿ ಕಲಿತ ವಿದ್ಯೆ ನೇರವಾಗಿ ಅಪಾಯದ ಮೇಲೆಯೇ ಕೆಲಸ ಮಾಡುತ್ತದೆ. ಅದನ್ನು ಅಳಿಸುವುದಿಲ್ಲ, ಕೊರೆಯುತ್ತದೆ.

ಪೋಕರಿನಲ್ಲೂ ವಿದ್ಯೆ ಇದೆ, ಸಂಶಯವಿಲ್ಲ. ಗಣಿತಜ್ಞ ಜಾನ್ ಫಾನ್ ನಾಯ್ಮನ್ ಸುಳ್ಳು ಪಣದ ತರ್ಕವನ್ನು ಸಮೀಕರಣಕ್ಕೆ ಇಳಿಸಿದ್ದು ಈ ಆಟವನ್ನು ಇಟ್ಟುಕೊಂಡೇ. ನಮ್ಮ ನ್ಯಾಯಾಲಯಗಳೂ ದಶಕಗಳ ಕಾಲ ಕೇಳಿದ್ದು ಇದನ್ನೇ: ಗೆಲ್ಲಿಸುವುದು ಕೌಶಲವೋ ಅದೃಷ್ಟವೋ? 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟ ಎಂದಿತು. 2013ರಲ್ಲಿ ಕರ್ನಾಟಕ ಹೈಕೋರ್ಟು, ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲ ಎಂದಿತು. ನನ್ನ ಮಟ್ಟಿಗೆ ಈ ಪ್ರಶ್ನೆಯೇ ಅರ್ಧದ್ದು. ಬೈಕಿನ ಪರಿಣತ ಅಪಾಯವನ್ನು ಕಡಿಮೆ ಮಾಡಿಕೊಂಡರೆ ಅದು ಇನ್ನೊಬ್ಬ ಸವಾರನ ಹೆಗಲಿಗೆ ಏರುವುದಿಲ್ಲ. ಪೋಕರಿನ ಪರಿಣತ ತನ್ನ ಅಪಾಯವನ್ನು ಎದುರಿಗೆ ಕೂತ, ತನಗಿಂತ ಕಡಿಮೆ ತಿಳಿದವನ ಜೇಬಿಗೆ ದಾಟಿಸುತ್ತಾನೆ. ಮೇಜು ನಡೆಸುವವನು ಪ್ರತಿ ಆಟದಲ್ಲೂ ತನ್ನ ಪಾಲು ಮುರಿದುಕೊಳ್ಳುವುದರಿಂದ ಎಲ್ಲರನ್ನೂ ಸೇರಿಸಿ ಲೆಕ್ಕ ಹಾಕಿದರೆ ಆಡಿದವರಿಗೆ ನಷ್ಟವೇ. ಮನಿಮೇಕರನ 25 ಲಕ್ಷವೂ ಆ ಪಂದ್ಯಕ್ಕೆ ಬಂದ ಎಂಟುನೂರಕ್ಕೂ ಹೆಚ್ಚು ಜನ ಕಟ್ಟಿದ ದುಡ್ಡೇ. ನಾಲ್ಕು ಜನ ಸರೀಕರು ಒಂದು ಸಂಜೆ ಸಣ್ಣ ಪಣ ಇಟ್ಟು ಆಡಿದರೆ ಯಾರಿಗೂ ತೊಂದರೆಯಿಲ್ಲ, ಈ ವಾರ ಹೋದದ್ದು ಮುಂದಿನ ವಾರ ಬರುತ್ತದೆ. ಗುರುತಿಲ್ಲದ ಲಕ್ಷಾಂತರ ಜನರನ್ನು ಪರಿಣತರ ಎದುರು ಕೂರಿಸುವ ಮೊಬೈಲಿನಲ್ಲಿ ಮಾತ್ರ ಆ ಸಮಾಧಾನ ನಿಲ್ಲುವುದಿಲ್ಲ. 2025ರಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವಾಗ ಕೌಶಲ, ಅದೃಷ್ಟ ಎಂಬ ಭೇದವನ್ನೇ ಪಕ್ಕಕ್ಕಿಟ್ಟಿತು. ಪೂರ್ತಿ ನಿಷೇಧ ಸರಿಯೋ ತಪ್ಪೋ, ಬೇರೆ ಚರ್ಚೆ. ಹಳೆಯ ಪ್ರಶ್ನೆ ಸಾಲದು ಎಂದು ಕಂಡುಕೊಂಡದ್ದು ಸರಿ.

ಇನ್ನು ಸಿಗಾರ್. ಮೂರರಲ್ಲಿ ಪರಿಣತಿಯ ಪ್ರದರ್ಶನ ಅತಿ ಹೆಚ್ಚು ಇಲ್ಲಿಯೇ. ಒಳಗೆ ತುಂಬುವ ಎಲೆ, ಅದನ್ನು ಬಿಗಿಯುವ ಎಲೆ, ಹೊರಗೆ ಸುತ್ತುವ ನುಣುಪಾದ ಎಲೆ ಮೂರೂ ಬೇರೆ ಬೇರೆ. ಕ್ಯೂಬಾದ ಪಿನಾರ್ ದೆಲ್ ರಿಯೊ ಸೀಮೆಯ ಎಲೆಗೆ ಒಂದು ಬೆಲೆ, ಕನೆಕ್ಟಿಕಟ್‌ನಲ್ಲಿ ಬಟ್ಟೆಯ ಚಪ್ಪರದ ನೆರಳಿನಲ್ಲಿ ಬೆಳೆದದ್ದಕ್ಕೆ ಇನ್ನೊಂದು. ರಾಶಿ ಹಾಕಿದ ಎಲೆ ತನ್ನ ಕಾವಿನಲ್ಲೇ ಹುದುಗಿ ಘಾಟು ಬಿಡುವ ತನಕ ಕಾಯಬೇಕು. ಕೊಂಡವನು ಸೀಡರ್ ಮರದ ಪೆಟ್ಟಿಗೆಯಲ್ಲಿ ಸುಮಾರು ಶೇ. 70ರ ತೇವಾಂಶದಲ್ಲಿ ಕಾಪಿಡಬೇಕು. ಇಷ್ಟೆಲ್ಲ ವಿದ್ಯೆಯಲ್ಲಿ ಅಪಾಯದ ಒಂದು ಕೂದಲನ್ನಾದರೂ ಕೊಂಕಿಸುವುದು ಯಾವುದು? ಯಾವುದೂ ಇಲ್ಲ. ಹೊಗೆ ಒಳಗೆ ಎಳೆಯುವುದಿಲ್ಲ ಎಂಬ ಸಮಜಾಯಿಷಿ ಅರ್ಧ ನಿಜ. ಸಿಗರೇಟಿನವನಿಗಿಂತ ಶ್ವಾಸಕೋಶ ಅಷ್ಟರಮಟ್ಟಿಗೆ ಬದುಕುತ್ತದೆ. ಆದರೆ ಸಿಗಾರಿನ ಹೊಗೆ ಕ್ಷಾರೀಯವಾದ್ದರಿಂದ ನಿಕೋಟಿನ್ ಬಾಯಿಯ ಒಳಪದರದಿಂದಲೇ ಇಳಿಯುತ್ತದೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಹಾಗೆಯೇ ಕಾದಿರುತ್ತದೆ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕೆಟ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಅಮೆರಿಕದ ಅಂತರ್ಯುದ್ಧದಲ್ಲಿ, 1862ರಲ್ಲಿ, ಫೋರ್ಟ್ ಡೊನೆಲ್ಸನ್ ಗೆದ್ದ ಜನರಲ್ ಗ್ರಾಂಟ್‌ಗೆ ಅಭಿಮಾನಿಗಳು ಸಾವಿರಾರು ಸಿಗಾರ್ ಕಳಿಸಿಕೊಟ್ಟರು. 1885ರಲ್ಲಿ ಅವರು ಗಂಟಲು ಕ್ಯಾನ್ಸರಿನಿಂದ ಸತ್ತರು. ಸದಾ ಸಿಗಾರ್ ಸೇದುತ್ತಿದ್ದ ಬ್ರಿಟನ್ನಿನ ಚರ್ಚಿಲ್ 90 ವರ್ಷ ಬದುಕಲಿಲ್ಲವೆ ಎಂಬ ಉತ್ತರ ಸದಾ ತಯಾರಿರುತ್ತದೆ. ಬದುಕಿದ್ದು ನಿಜ, ಆದರೆ ಸಿಗಾರ್ ಬಲ್ಲವನಾಗಿದ್ದರಿಂದ ಅಲ್ಲ. ಇಲ್ಲಿ ಪರಿಣತಿ ನಾಲಗೆಯ ತನಕ ಮಾತ್ರ ಹೋಗುತ್ತದೆ.

ಕನ್ನಡದವರು ಇದನ್ನು ಪರದೇಶದ ದೊಡ್ಡಸ್ತಿಕೆ ಎಂದು ನಕ್ಕು ಬಿಡುವಂತಿಲ್ಲ. ಮಲೆನಾಡಿನ, ಉತ್ತರ ಕನ್ನಡದ ಜಗಲಿಯಲ್ಲಿ ಕವಳದ ಹರಿವಾಣ ನಡುವೆ ಇಟ್ಟುಕೊಂಡು ಇಸ್ಪೀಟು ಹಾಕುವವರ ವಿದ್ಯೆ ಏನು ಕಡಿಮೆಯೆ? ಎಳೆ ಎಲೆ ಯಾವುದು, ಚಾಲಿ ಬೇಕೋ ಕೆಂಪಡಿಕೆಯೋ, ಸುಣ್ಣ ಎಷ್ಟು ಸವರಿದರೆ ಬಾಯಿ ಸುಡದೆ ಕೆಂಪಾಗುತ್ತದೆ ಎಲ್ಲಕ್ಕೂ ಅಲ್ಲಿ ಪಂಡಿತರಿದ್ದಾರೆ. ಆದರೆ ಹೊಗೆಸೊಪ್ಪು ಸೇರಿಸದ ಬರಿಯ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿದೆ. ಆ ಪಾಂಡಿತ್ಯವೂ ನಾಲಗೆ ದಾಟುವುದಿಲ್ಲ.

ಸಿಗಾರಿನ ಪರವಾಗಿ ನಾನು ಗೌರವಿಸುವ ವಾದ ಒಂದಿದೆ, ಅದು ಪರಿಣತಿಯದಲ್ಲ, ಹೊತ್ತಿನದು. ಹಚ್ಚಿದ ಸಿಗಾರ್ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಉರಿಯುತ್ತದೆ. ಅವಸರದಿಂದ ಎಳೆದರೆ ಕಾದು ಕಹಿಯಾಗುತ್ತದೆ. ಅಷ್ಟು ಹೊತ್ತು ಸುಮ್ಮನೆ ಕೂರಲು ನಡುವಯಸ್ಸಿನ ಗಂಡಸಿಗೆ ಬೇರೆ ಯಾವುದೂ ಅನುಮತಿ ಕೊಡುವುದಿಲ್ಲ. ಕಾಫಿ ಐದು ನಿಮಿಷಕ್ಕೆ ಮುಗಿದುಹೋಗುತ್ತದೆ, ಗೆಳೆಯರು ಎದ್ದು ಹೊರಡುತ್ತಾರೆ. ಹೊಗೆಯಿಲ್ಲದೆ ಆ ಒಂದು ಗಂಟೆ ಪಡೆಯಬಹುದಲ್ಲ ಎಂದು ಹೇಳುವುದು ಸುಲಭ. ಪಡೆದವರನ್ನು ನಾನು ಹೆಚ್ಚು ಕಂಡಿಲ್ಲ.

ಮನೋವಿಶ್ಲೇಷಕ ಫ್ರಾಯ್ಡ್‌ಗೆ 1923ರಲ್ಲಿ ಬಾಯಿಯ ಕ್ಯಾನ್ಸರ್ ಪತ್ತೆಯಾಯಿತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ನಡುವೆಯೂ ಸಿಗಾರ್ ಸೇದುತ್ತಲೇ 1939ರ ತನಕ ಬದುಕಿದರು. ತನ್ನನ್ನು ಯಾವ ವಿದ್ಯೆಯೂ ಕಾಯದು ಎಂದು ತಿಳಿದೂ ಸೇದುವವನ ಜೊತೆ, ಅವನ ಹೊಗೆ ಪಕ್ಕದವನ ಮೂಗಿಗೆ ಹೋಗದಿರುವ ತನಕ, ನನಗೆ ಜಗಳವಿಲ್ಲ. ಜಗಳ ಇರುವುದು ತಿಳಿವಳಿಕೆಯನ್ನೇ ಹೆಲ್ಮೆಟ್ಟಿನ ಹಾಗೆ ಹಾಕಿಕೊಂಡು ಕೂತವನ ಜೊತೆ. ಬೈಕಿನವನಿಗೆ ವಿದ್ಯೆ ಕೊಡುವ ವಿನಾಯಿತಿಯೂ ಶಾಶ್ವತವಲ್ಲ. ಐವತ್ತೈದು ದಾಟಿ, ಮಕ್ಕಳು ದಡ ಸೇರಿದ ಮೇಲೆ, ಕಾಲೇಜಿನ ದಿನಗಳ ಯೆಜ್ಡಿಯ ನೆನಪಿನಲ್ಲಿ ಅದರ ಎರಡರಷ್ಟು ತೂಕದ ಬೈಕು ಕೊಳ್ಳುವವನ ಕಣ್ಣೂ ಕೈಯೂ ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತವೆ, ಕಲಿತ ವಿದ್ಯೆ ಅಪಾಯವನ್ನು ಕೊರೆಯುವುದು ಅಷ್ಟಷ್ಟೇ ಕಡಿಮೆಯಾಗುತ್ತದೆ. ಒಂದು ಹಂತದಲ್ಲಿ ಅವನ ಬೈಕೂ ಸಿಗಾರಿನ ಸಾಲಿಗೇ ಬಂದು ನಿಲ್ಲುತ್ತದೆ, ಮತ್ತು ಆ ಹಂತ ಯಾವುದೆಂದು ಹೇಳಬೇಕಾದವನು ಅವನೊಬ್ಬನೇ.