ಇಂಗಾಲದ ಸೆರೆಯೂ ಲಕ್ಕಮ್ಮನ ವಿವೇಕವೂ

ಕಲ್ಲಿದ್ದಲು, ಪೆಟ್ರೋಲುಗಳನ್ನು ಉರಿಸಿದಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಅನಿಲವು ವಾಯುಮಂಡಲದಲ್ಲಿ ಸಂಚಯವಾಗಿ, ಭೂಮಿಯ ತಾಪವನ್ನು ಹೊರಹೋಗಗೊಡದೆ ಮಳೆ ಬೆಳೆಗಳ ಕ್ರಮವನ್ನೇ ಕೆಡಿಸುತ್ತಿರುವ ಸಂಗತಿ ಈಗ ಮನೆಮಾತಾಗಿದೆ. ಆ ಅನಿಲವನ್ನು ಸೆರೆಹಿಡಿದು ನೆಲದೊಳಗೆ ಹೂಳುವ ಯಂತ್ರಗಳು ಬಂದಿವೆಯೆಂಬ ವಾರ್ತೆಯನ್ನು ಓದಿದವರು ಇನ್ನು ಚಿಂತೆಯಿಲ್ಲವೆಂದು ಸಮಾಧಾನ ತಾಳುವುದುಂಟು. ಈ ಸಮಾಧಾನ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಶರಣ ಬಂಧುಗಳು ವಿಚಾರಿಸಬೇಕಾಗಿದೆ.

ಸೆರೆಹಿಡಿಯುವ ತತ್ತ್ವವು ನಮಗೆ ಅಪರಿಚಿತವೇನಲ್ಲ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರೂದಿದರೆ ಅದು ಹಾಲಿನಂತೆ ಬೆಳ್ಳಗಾಗುವುದನ್ನು ಶಾಲೆಯ ಮಕ್ಕಳೂ ಬಲ್ಲರು. ಉಸಿರಿನಲ್ಲಿರುವ ಆ ಅನಿಲವು ಸುಣ್ಣದೊಡನೆ ಕೂಡಿ ಕಲ್ಲಿನ ಪುಡಿಯಾಗುವುದೇ ಅದಕ್ಕೆ ಕಾರಣ. ದೊಡ್ಡ ಸ್ಥಾವರಗಳಲ್ಲಿ ಸುಣ್ಣದ ಬದಲು ಅಮೈನ್ ಎಂಬ ರಾಸಾಯನಿಕ ದ್ರಾವಣವನ್ನು ಬಳಸುತ್ತಾರೆ. ಅದು ಹೀರಿಕೊಂಡ ಅನಿಲವನ್ನು ಕಾಯಿಸಿ ಬೇರ್ಪಡಿಸಿ, ಒತ್ತಡದಿಂದ ಭೂಗರ್ಭಕ್ಕೆ ಇಳಿಸುತ್ತಾರೆ. ನಾರ್ವೆ ದೇಶದ ಸ್ಲೈಪ್ನರ್ ಕ್ಷೇತ್ರದಲ್ಲಿ ನೈಸರ್ಗಿಕ ಅನಿಲದೊಡನೆ ಬೆರೆತು ಬರುವ ಇಂಗಾಲದ ಡೈಆಕ್ಸೈಡನ್ನು ಹೀಗೆ ಬೇರ್ಪಡಿಸಿ, ಸಮುದ್ರತಳದ ಕೆಳಗಿನ ಮರಳುಗಲ್ಲಿನ ಸ್ತರಕ್ಕೆ ತುಂಬುವ ಕಾರ್ಯ 1996ರಲ್ಲಿಯೇ ಆರಂಭವಾಯಿತು. ಐಸ್‌ಲೆಂಡಿನಲ್ಲಿ ಅನಿಲವನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಶಿಲೆಯೊಳಗೆ ಇಳಿಸಿದಾಗ, ಅದರ ಬಹುಪಾಲು ಎರಡು ವರ್ಷಗಳೊಳಗೆ ಕಲ್ಲಾಗಿ ಪರಿಣಮಿಸಿತೆಂದು ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು. ನಮ್ಮ ವಿಜಯಪುರ, ಬೀದರ ಸೀಮೆಗಳಲ್ಲಿ ಕಾಣುವ ಕಪ್ಪು ಕಲ್ಲೂ ಬಸಾಲ್ಟೇ ಆಗಿದೆ.

ಮಾನವ ಬುದ್ಧಿಯ ಈ ಸಾಧನೆ ಸ್ತುತ್ಯವೇ ಸರಿ. ಆದರೆ ಅದರ ಅಳತೆಯನ್ನು ನೋಡಬೇಕು. ಅದೇ ಐಸ್‌ಲೆಂಡಿನಲ್ಲಿ 2024ರಲ್ಲಿ ಆರಂಭವಾದ ಮ್ಯಾಮತ್ ಎಂಬ ಸ್ಥಾವರವು ಬಯಲ ಗಾಳಿಯಿಂದಲೇ ವರ್ಷಕ್ಕೆ 36,000 ಟನ್ ಅನಿಲವನ್ನು ಸೆಳೆಯುವಂತೆ ರಚಿತವಾಗಿದೆ. ಮನುಕುಲವು ಇಂಧನವನ್ನು ಉರಿಸಿ, ಸಿಮೆಂಟು ಮಾಡಿ ವರ್ಷಕ್ಕೆ ಹೊರಬಿಡುವುದು ಸುಮಾರು 3,700 ಕೋಟಿ ಟನ್. ಲೆಕ್ಕ ಹಾಕಿದರೆ, ಆ ಸ್ಥಾವರ ಪೂರ್ಣ ಸಾಮರ್ಥ್ಯದಿಂದ ವರ್ಷವಿಡೀ ದುಡಿದರೂ ಹಿಂದೆಗೆಯುವುದು ನಾವು ಅರ್ಧ ನಿಮಿಷದಲ್ಲಿ ಉಗುಳಿದಷ್ಟನ್ನು ಮಾತ್ರ! ಜಗತ್ತಿನ ವಿವಿಧೆಡೆಗಳಲ್ಲಿ ಸೆರೆಹಿಡಿದ ಅನಿಲದ ದೊಡ್ಡ ಭಾಗವನ್ನು ಹಳೆಯ ಬಾವಿಗಳಿಂದ ಇನ್ನಷ್ಟು ತೈಲವನ್ನು ಹೊರದೂಡಲು ಬಳಸುತ್ತಿರುವುದು ಮತ್ತೊಂದು ವಿಪರ್ಯಾಸ.

ಹಾಗೆಂದು ಈ ವಿದ್ಯೆ ನಿರರ್ಥಕವಲ್ಲ. ಸಿಮೆಂಟಿನ ಉದಾಹರಣೆಯನ್ನೇ ನೋಡಿ. ಸುಣ್ಣದ ಕಲ್ಲನ್ನು ಸುಟ್ಟಾಗ ಕಲ್ಲಿನೊಳಗಿನಿಂದಲೇ ಈ ಅನಿಲ ಹೊರಬರುವುದರಿಂದ, ಭಟ್ಟಿಗೆ ಸೂರ್ಯಶಕ್ತಿಯನ್ನು ಕೊಟ್ಟರೂ ಅದು ನಿಲ್ಲದು. ನಾರ್ವೆಯ ಬ್ರೆವಿಕ್ ಎಂಬಲ್ಲಿ ವರ್ಷಕ್ಕೆ 4 ಲಕ್ಷ ಟನ್ ಸೆರೆಹಿಡಿಯುವ ಸಾಮರ್ಥ್ಯದ ವ್ಯವಸ್ಥೆ 2025ರಲ್ಲಿ ಸಿಮೆಂಟು ಕಾರ್ಖಾನೆಯೊಂದರಲ್ಲಿ ಉದ್ಘಾಟನೆಗೊಂಡಿತು. ಅನಿವಾರ್ಯವಾದುದಕ್ಕೆ ಇದು ಔಷಧಿ. ಅಪಥ್ಯ ಮಾಡುವವನಿಗೆ ಔಷಧಿಯಿಂದ ಆಗುವ ಪ್ರಯೋಜನವೆಷ್ಟು?

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಚರಿತ್ರೆ ನೆನಪಾಗುತ್ತದೆ. ಪತಿ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಎಲ್ಲಿ ಕೂಡಿಡುವುದೆಂದು ಆ ತಾಯಿ ಯೋಚಿಸಲಿಲ್ಲ; ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಇಂದು ನಾವು ಭೂಗರ್ಭದಿಂದ ಮಿತಿಮೀರಿ ತೆಗೆದುದನ್ನು ಅಲ್ಲಿಗೇ ಒಪ್ಪಿಸಲು ಹೊರಟಿದ್ದೇವೆ. ಒಪ್ಪಿಸುವುದು ಧರ್ಮವೇ. ಆದರೆ ಮರುದಿನ ಮತ್ತೆ ಹೆಚ್ಚು ತರುವವನನ್ನು ಲಕ್ಕಮ್ಮ ಒಪ್ಪುತ್ತಿದ್ದಳೆ?

ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುವುದು ನಮ್ಮ ಮನೆಯ ದೀಪಕ್ಕಾಗಿಯೂ ಹೌದು. ಮದುವೆಯ ವೈಭವದಲ್ಲಿ, ಜಾತ್ರೆಯ ದೀಪಾಲಂಕಾರದಲ್ಲಿ, ದಾಸೋಹದ ಎಲೆಯಲ್ಲಿ ಉಳಿಯುವ ಅನ್ನದಲ್ಲಿ ಮಿತಿಯನ್ನು ತರುವುದು ನಮ್ಮ ಕೈಯಲ್ಲಿದೆ. ಹಿರಿಯರು ಇದನ್ನು ಆಚರಿಸಿ ತೋರಿದರೆ ಮಕ್ಕಳು ತಾವಾಗಿಯೇ ಕಲಿಯುವರು. ಯಂತ್ರಗಳು ತಮ್ಮ ಕಾಯಕವನ್ನು ಮಾಡಲಿ. ಅವುಗಳ ಹೊರೆಯನ್ನು ಇಳಿಸುವ ಕಾಯಕ ನಮ್ಮದಾಗಲಿ.